ಮೊದಲು ಭಾರ, ಆಮೇಲೆ ನಡಿಗೆ

ಬೆಳಗಾವಿಯ ಟಿಳಕವಾಡಿಯಲ್ಲಿ ನಾನು ಹುಡುಗಿಯರಿಗೆ ವ್ಯಾಯಾಮ ಹೇಳಿಕೊಡುತ್ತೇನೆ. ಹೆಚ್ಚಿನವರು 20ರ ಆಸುಪಾಸಿನವರು, ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 25 ದಾಟಿದವರು. ನಮ್ಮ ಭಾರತೀಯರಿಗೆ ಬೊಜ್ಜಿನ ಲೆಕ್ಕ ಅಲ್ಲಿಂದಲೇ ಶುರು. ಹೊಸದಾಗಿ ಬಂದವರೆಲ್ಲ ಕೇಳುವುದು ಒಂದೇ: ವ್ಯಾಕ್ಸಿನ್ ಡಿಪೋ ಮೈದಾನ ಎಷ್ಟು ಸುತ್ತು ಹಾಕಬೇಕು? ನಡಿಗೆ ಒಳ್ಳೆಯದೇ. ಆದರೆ ಊಟ ಬಿಟ್ಟು ಸುಮ್ನೆ ನಡೆಯುತ್ತಾ ಹೋದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುವುದು ಈ ಸ್ನಾಯುಗಳೇ. ಪಿಸಿಓಡಿ, ಅಂದರೆ ಮುಟ್ಟು ಏರುಪೇರಾಗುವ ಹಾರ್ಮೋನಿನ ತೊಂದರೆ ಇರುವ ಹುಡುಗಿಯರಲ್ಲಿ ಬಹಳ ಜನರಿಗೆ, ಆ ಸಕ್ಕರೆಯನ್ನು ಸ್ನಾಯುವಿಗೆ ಸೇರಿಸುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅವರಿಗಂತೂ ಸ್ನಾಯು ಉಳಿಸಿಕೊಳ್ಳುವುದು ಇನ್ನೂ ಮುಖ್ಯ.

ಸ್ನಾಯು ಉಳಿಯಲು ಭಾರ ಎತ್ತಬೇಕು. ಆದರೆ ಭಾರ ಎಂದ ಕೂಡಲೇ ಹೆದರುತ್ತಾರೆ. "ಅಕ್ಕಾರ, ವಜ್ಜಾ ಎತ್ತಿದ್ರ ತೋಳು ಗಂಡಸರಂಗ ಆಗಂಗಿಲ್ಲೇನ್ರಿ?" ಅಂತ ಒಬ್ಬಳು ಕೇಳಿದಳು. "ನಿಮ್ಮ ಅಜ್ಜಿ ದಿನಾ ತುಂಬಿದ ಕೊಡ ಹೊತ್ತಾಳವ್ವಾ, ಆಕಿ ತೋಳು ಹಂಗ ಆಗ್ಯಾವೇನು?" ಅಂದೆ. ಸ್ನಾಯು ಉಬ್ಬಿಸುವ ಟೆಸ್ಟೋಸ್ಟೆರಾನ್ ಹಾರ್ಮೋನು ಹೆಣ್ಣಿನ ದೇಹದಲ್ಲಿ ಗಂಡಸರಿಗಿಂತ ಬಹಳ ಕಡಿಮೆ. ಹಾಗಾಗಿ ಶಕ್ತಿ ಬರುತ್ತದೆ, ತೋಳು ಹಾಗೆ ಉಬ್ಬುವುದಿಲ್ಲ.

ಶುರು ಮಾಡುವ ಮೊದಲು ಡಾಕ್ಟರ ಹತ್ತಿರ ಬಿಪಿ, ಶುಗರ್, ಥೈರಾಯ್ಡ್ ತೋರಿಸಿಕೊಂಡು ಬರಲು ಹೇಳುತ್ತೇನೆ. ಸೋಮವಾರ, ಗುರುವಾರ ಭಾರದ ದಿನ. ಕಾಲು ಸೋತ ಮೇಲೆ ಭಾರ ಎತ್ತಿದರೆ ಬೆನ್ನು ಬಾಗುತ್ತದೆ, ಅದಕ್ಕೇ ಭಾರ ಮೊದಲು. ಆಮೇಲೆ 25 ನಿಮಿಷ ಬಿರುಸಿನ ನಡಿಗೆ. ಉಳಿದ ದಿನಗಳಲ್ಲಿ ಮೂರು ದಿನ 35 ನಿಮಿಷ ನಡಿಗೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯುವಿನ ವ್ಯಾಯಾಮ, ಎರಡೂ ಇದರಲ್ಲೇ ಮುಗಿಯುತ್ತವೆ.

ನಾನು ಜಾಸ್ತಿ ಹೊತ್ತು ಕೊಡುವುದು ಕುರ್ಚಿಯ ಸ್ಕ್ವಾಟ್‌ಗೆ. ಪಾದ ಭುಜದಷ್ಟು ಅಗಲ, ಎದೆ ಮೇಲೆ, ಸೊಂಟ ಹಿಂದಕ್ಕೆ. ಅರ್ಧದವರೆಗೆ ಎಲ್ಲರೂ ಚೆನ್ನಾಗಿ ಇಳಿಯುತ್ತಾರೆ, ಕಡೆಯ ನಾಲ್ಕು ಬೆರಳಿನಷ್ಟು ಉಳಿದಾಗ ಧಪ್ ಅಂತ ಕೂತುಬಿಡುತ್ತಾರೆ. ತೊಡೆಗೆ ನಿಜವಾದ ಕೆಲಸ ಇರುವುದು ಆ ನಾಲ್ಕು ಬೆರಳಿನಲ್ಲೇ. ಮೂರು ಎಣಿಸುತ್ತಾ ಇಳಿಯಿರಿ, ಕುರ್ಚಿಗೆ ತಾಗಿದ ಕೂಡಲೇ ಹಿಮ್ಮಡಿ ಒತ್ತಿ ಏಳಿರಿ. ಮಂಡಿ ಒಳಕ್ಕೆ ವಾಲಬಾರದು. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ದಪ್ಪ ದಿಂಬು ಇಡುತ್ತೇನೆ, ಇಳಿಯುವ ದೂರ ಕಡಿಮೆಯಾಗುತ್ತದೆ. 10 ಸಲದಂತೆ ಎರಡು ಸುತ್ತು. 12 ಸಲ ಆರಾಮಾಗಿ ಬರತೊಡಗಿದರೆ ಎದೆಗೆ ಐದು ಕಿಲೋ ಜೋಳದ ಚೀಲ ಅಪ್ಪಿಕೊಂಡು ಮಾಡಿಸುತ್ತೇನೆ. ಜೊತೆಗೆ ಗೋಡೆಗೆ ಪುಶ್‌ಅಪ್, ರಬ್ಬರ್ ಬ್ಯಾಂಡ್ ಎಳೆಯುವುದು, ಚೀಲವನ್ನು ನೆಲದಿಂದ ಎತ್ತುವುದು. ಅಷ್ಟೇ ಸಾಕು. ಜಿಮ್ ಫೀ ಕಟ್ಟಲು ಆಗದ ಮನೆಯ ಹುಡುಗಿಗೂ ಇದು ಸಿಗಬೇಕು ಅನ್ನುವುದು ನನ್ನ ಆಸೆ.

ನಡಿಗೆಯ ವೇಗಕ್ಕೆ ವಾಚ್ ಬೇಡ. ಪಕ್ಕದವಳ ಜೊತೆ ಮಾತಾಡಲು ಬರಬೇಕು, ಹಾಡಲು ಬರಬಾರದು. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿಸಬೇಕು.

ಊಟದ ವಿಷಯದಲ್ಲಿ ರೊಟ್ಟಿ ಬಿಡಿಸುವುದಿಲ್ಲ. ಜೋಳದ ರೊಟ್ಟಿ, ಮಡಕಿಕಾಳು ಪಲ್ಯ, ಮೊಸರು ಇರಲಿ. ಚಹಾದ ಸಕ್ಕರೆ, ಸಂಜೆಯ ಮಿರ್ಚಿ ಭಜಿ ಮಾತ್ರ ಕಡಿಮೆ ಮಾಡಿ ಅನ್ನುತ್ತೇನೆ.

ತೂಕದ ಮಷಿನ್ ಹತ್ತಿ ಅಳುವವರನ್ನು ನೋಡಿದ್ದೇನೆ, ಬಹಳ ಸಂಕಟವಾಗುತ್ತದೆ. ಕೊಬ್ಬು ಇಳಿದು ಸ್ನಾಯು ಉಳಿದಾಗ ಮುಳ್ಳು ಅಲುಗದೆಯೂ ಇರಬಹುದು. ಅದಕ್ಕೇ ತಿಂಗಳಿಗೊಮ್ಮೆ ಟೇಪಿನಿಂದ ಸೊಂಟ ಅಳೆಯುತ್ತೇವೆ. ಹೆಣ್ಣುಮಕ್ಕಳಿಗೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು. ಅಲ್ಲಿಗೆ ಬರದಿದ್ದರೂ ಕಡಿಮೆಯಾದ ಒಂದೊಂದು ಸೆಂಟಿಮೀಟರೂ ಲಾಭವೇ ಅಲ್ವಾ?

ಜೂನ್‌ನಲ್ಲಿ ಮಳೆ ಹಿಡಿದರೆ ನಮ್ಮ ಬೆಳಗಾವಿಯಲ್ಲಿ ಮೈದಾನ ಕೆಸರು. ಆಗ ಮನೆಯ ಮೆಟ್ಟಿಲೇ ನಮ್ಮ ದಾರಿ. ಕೆಳಗಿನ ಒಂದೇ ಮೆಟ್ಟಿಲು ಹತ್ತಿ ಇಳಿಯುವುದು, ಐದು ನಿಮಿಷಕ್ಕೊಮ್ಮೆ ಮುಂದಿಡುವ ಕಾಲು ಬದಲಿಸುವುದು, ಮಾತಾಡುವಷ್ಟು ಉಸಿರು ಉಳಿಸಿಕೊಂಡು.