ಮನೆಯಲ್ಲೇ ಸಿಸಿಎನ್‌ಎ ಓದು: ಕೋರ್ಸ್ ಆರಿಸುವುದು ಹೇಗೆ?

ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕಟ್ಟಿಕೊಂಡು ಕೋಚಿಂಗ್‌ಗೆ ಹೋಗುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಹಗಲೆಲ್ಲ ದುಡಿದು ರಾತ್ರಿಯಷ್ಟೇ ಬಿಡುವು ಸಿಗುವವರಿಗೆ, ಊರಿನಲ್ಲೇ ಇದ್ದು ಮನೆಯ ಜವಾಬ್ದಾರಿ ಹೊತ್ತಿರುವ ಬಿಸಿಎ, ಡಿಪ್ಲೊಮಾ ಪದವೀಧರರಿಗೆ ಮನೆಯಲ್ಲೇ ಓದಬಹುದಾದ ಕೋರ್ಸ್ ದೊಡ್ಡ ಆಸರೆ. ಆದರೆ ಆಯ್ಕೆ ತಪ್ಪಿದರೆ ಹಣಕ್ಕಿಂತ ಹೆಚ್ಚಾಗಿ ಕಷ್ಟಪಟ್ಟು ಹೊಂದಿಸಿಕೊಂಡ ಆ ರಾತ್ರಿಗಳು ವ್ಯರ್ಥವಾಗುತ್ತವೆ. ನೆಟ್‌ವರ್ಕಿಂಗ್ ಕ್ಷೇತ್ರಕ್ಕೆ ಕಾಲಿಡುವವರು ಸಾಮಾನ್ಯವಾಗಿ ಮೊದಲು ಬರೆಯುವ, ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆಯನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಲಿನಕ್ಸ್ ಅಥವಾ ಕ್ಲೌಡ್ ಪರೀಕ್ಷೆಗೆ ಓದುವವರೂ ಹೆಚ್ಚುಕಡಿಮೆ ಇದೇ ಕ್ರಮವನ್ನು ಅನುಸರಿಸಬಹುದು.

ಕೋರ್ಸ್ ಬೇರೆ, ಪರೀಕ್ಷೆ ಬೇರೆ

ಕೋರ್ಸ್ ಮುಗಿಸಿದಾಗ ತರಬೇತಿ ಸಂಸ್ಥೆ ಕೊಡುವ ಪ್ರಮಾಣಪತ್ರ ಸಿಸಿಎನ್‌ಎ ಅಲ್ಲ. ಪಿಯರ್ಸನ್ ವ್ಯೂ ಸಂಸ್ಥೆ ನಡೆಸುವ 200-301 ಸಂಖ್ಯೆಯ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಸಿಸ್ಕೊ ನೀಡುವುದೇ ನಿಜವಾದ ಪ್ರಮಾಣಪತ್ರ. ಪರೀಕ್ಷೆಯ ಅವಧಿ 120 ನಿಮಿಷ, ಶುಲ್ಕ 300 ಡಾಲರ್, ಅದರ ಮೇಲೆ ತೆರಿಗೆ. ಪ್ರಮಾಣಪತ್ರ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಈ ಪರೀಕ್ಷೆಯನ್ನು ಬರೆಯಲು ಯಾವುದೇ ಸಂಸ್ಥೆಯಲ್ಲಿ ಕೋರ್ಸ್ ಮಾಡಿರಲೇಬೇಕೆಂಬ ನಿಯಮವಿಲ್ಲ. ಆದ್ದರಿಂದ ಯಾರಾದರೂ ‘ಸರ್ಟಿಫಿಕೇಟ್ ಸಮೇತ’ ಎಂದು ಹೇಳಿದರೆ, ಅದು ಯಾರು ಕೊಡುವ ಸರ್ಟಿಫಿಕೇಟ್, ಪರೀಕ್ಷಾ ಶುಲ್ಕ ಕೋರ್ಸಿನ ಬೆಲೆಯಲ್ಲೇ ಸೇರಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ.

ಮೊದಲು ವಿಷಯಪಟ್ಟಿ, ಆಮೇಲೆ ಜಾಹೀರಾತು

ಪರೀಕ್ಷೆಯಲ್ಲಿ ಏನೇನು ಕೇಳಲಾಗುತ್ತದೆ ಎಂಬ ವಿಷಯಪಟ್ಟಿಯನ್ನು ಸಿಸ್ಕೊ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಕೋರ್ಸುಗಳನ್ನು ನೋಡುವ ಮೊದಲು ಅದನ್ನು ಮುದ್ರಿಸಿಟ್ಟುಕೊಳ್ಳಿ. ಅದರಲ್ಲಿ ಆರು ಭಾಗಗಳಿವೆ: ನೆಟ್‌ವರ್ಕಿನ ಮೂಲಪಾಠಗಳಿಗೆ ಶೇ 20, ಸ್ವಿಚ್ ಮತ್ತು ವೈರ್‌ಲೆಸ್ ಸಂಪರ್ಕಕ್ಕೆ ಶೇ 20, ಐಪಿ ರೂಟಿಂಗ್‌ಗೆ ಶೇ 25, ಐಪಿ ಸೇವೆಗಳಿಗೆ ಶೇ 10, ಭದ್ರತೆಗೆ ಶೇ 15, ಆಟೊಮೇಷನ್‌ಗೆ ಶೇ 10. ಕೋರ್ಸಿನ ಪಾಠಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಹೋದರೆ, ಯಾವುದು ಬಿಟ್ಟುಹೋಗಿದೆ, ಯಾವುದನ್ನು ಅನಗತ್ಯವಾಗಿ ಎಳೆಯಲಾಗಿದೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿದುಬಿಡುತ್ತದೆ.

ಈ ಅರ್ಧ ಗಂಟೆಯನ್ನು ಉಳಿಸಲು ಹೋಗಿ ನಾನು ನಷ್ಟ ಅನುಭವಿಸಿದ್ದೇನೆ. ಭಾರಿ ರಿಯಾಯಿತಿ ಎಂದು ಕೊಂಡ ಕೋರ್ಸಿನಲ್ಲಿ ಇಐಜಿಆರ್‌ಪಿ ಮತ್ತು ರಿಪ್ ಎಂಬ ರೂಟಿಂಗ್ ಪ್ರೊಟೊಕಾಲ್‌ಗಳ ಕಾನ್ಫಿಗರೇಷನ್‌ಗೆ ಮೂರು ವಾರ ವ್ಯಯಿಸಿದ ಮೇಲೆ, ಅವೆರಡೂ ಈಗಿನ ವಿಷಯಪಟ್ಟಿಯಲ್ಲೇ ಇಲ್ಲವೆಂದು ಗೊತ್ತಾಯಿತು. ಆ ವಿಡಿಯೊಗಳು ಹಳೆಯ 200-125 ಪರೀಕ್ಷೆಗೆ ತಯಾರಾದವು. ಅದು 2020ರ ಫೆಬ್ರುವರಿಯಲ್ಲೇ ನಿಂತು, ಅದರ ಜಾಗಕ್ಕೆ 200-301 ಬಂದಿತ್ತು. ಮುಖಪುಟದಲ್ಲಿ ಮಾತ್ರ ಹೊಸ ಸಂಖ್ಯೆಯನ್ನು ಹಾಕಿದ್ದರು. 2024ರ ಆಗಸ್ಟ್‌ನಲ್ಲಿ ಇದೇ ಪರೀಕ್ಷೆಯ 1.1 ಆವೃತ್ತಿ ಜಾರಿಗೆ ಬಂದು, ಪಪೆಟ್ ಮತ್ತು ಶೆಫ್ ಎಂಬ ಆಟೊಮೇಷನ್ ಸಾಫ್ಟ್‌ವೇರ್‌ಗಳ ಹೆಸರು ಹೋಗಿ, ಅಂಥದ್ದೇ ಆದ ಟೆರಾಫಾರ್ಮ್ ಸೇರಿತು. ಕೃತಕ ಬುದ್ಧಿಮತ್ತೆಯ ಪ್ರಸ್ತಾಪವೂ ಬಂತು. ಆಟೊಮೇಷನ್ ಪಾಠದಲ್ಲಿ ಈ ಬದಲಾವಣೆ ಕಾಣಿಸುತ್ತದೆಯೇ ಎಂದು ನೋಡಿದರೆ ಕೋರ್ಸ್ ಹೊಸದೋ ಹಳೆಯದೋ ಎಂಬುದು ಬಯಲಾಗುತ್ತದೆ.

ಒಂದು ಪಾಠವನ್ನು ಪೂರ್ತಿ ನೋಡಿ

ಪೀಠಿಕೆಯ ವಿಡಿಯೊ ಎಲ್ಲರದೂ ಚೆನ್ನಾಗಿಯೇ ಇರುತ್ತದೆ. ಅದರ ಬದಲು ಸಬ್‌ನೆಟ್ಟಿಂಗ್, ಅಂದರೆ ಐಪಿ ವಿಳಾಸಗಳ ದೊಡ್ಡ ಗುಂಪನ್ನು ಚಿಕ್ಕ ನೆಟ್‌ವರ್ಕುಗಳಾಗಿ ಹಂಚುವ ಲೆಕ್ಕದ ಪಾಠವನ್ನು ತೋರಿಸುವಂತೆ ಕೇಳಿ. ಸಿಸಿಎನ್‌ಎ ಅಭ್ಯರ್ಥಿಗಳಲ್ಲಿ ಅನೇಕರು ಎಡವುವುದು ಇಲ್ಲಿ; ಕಲಿಸುವವರ ಸಾಮರ್ಥ್ಯ ತಿಳಿಯುವುದೂ ಇಲ್ಲಿಯೇ.

ಉದಾಹರಣೆಗೆ, 192.168.10.77/26 ಎಂಬ ವಿಳಾಸ ಯಾವ ನೆಟ್‌ವರ್ಕಿಗೆ ಸೇರಿದ್ದು ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಅವಸರದ ಶಿಕ್ಷಕರು ಕ್ಯಾಲ್ಕುಲೇಟರ್ ತೆರೆದು ಉತ್ತರವನ್ನು ತೋರಿಸಿ ಮುಂದೆ ಹೋಗುತ್ತಾರೆ. ಒಳ್ಳೆಯ ಶಿಕ್ಷಕರು ಹೀಗೆ ಬಿಡಿಸುತ್ತಾರೆ: ವಿಳಾಸದ ಒಟ್ಟು 32 ಬಿಟ್‌ಗಳಲ್ಲಿ, /26 ಹೇಳುವಂತೆ, 26 ನೆಟ್‌ವರ್ಕಿಗೆ ಹೋದರೆ ಉಳಿಯುವುದು ಆರು, ಆರು ಬಿಟ್‌ಗಳಿಂದ 64 ವಿಳಾಸಗಳು ಹುಟ್ಟುತ್ತವೆ, ಆದ್ದರಿಂದ ನೆಟ್‌ವರ್ಕುಗಳು 0, 64, 128, 192 ಎಂದು 64ರ ಮೆಟ್ಟಿಲುಗಳಲ್ಲಿ ಏರುತ್ತವೆ, 77 ಎಂಬುದು 64 ಮತ್ತು 128ರ ನಡುವೆ ಬರುವುದರಿಂದ ನೆಟ್‌ವರ್ಕ್ ವಿಳಾಸ 192.168.10.64, ಎಲ್ಲ ಯಂತ್ರಗಳಿಗೂ ಒಟ್ಟಿಗೆ ಸಂದೇಶ ಕಳಿಸುವ ಬ್ರಾಡ್‌ಕಾಸ್ಟ್ ವಿಳಾಸ 127ಕ್ಕೆ ಕೊನೆಗೊಳ್ಳುತ್ತದೆ, ಯಂತ್ರಗಳಿಗೆ ಕೊಡಬಹುದಾದದ್ದು 65ರಿಂದ 126ರವರೆಗಿನ 62 ವಿಳಾಸಗಳು. ವಿಡಿಯೊ ನೋಡಿದ ಮೇಲೆ ಬೇರೆ ವಿಳಾಸವನ್ನಿಟ್ಟುಕೊಂಡು ನೀವೇ ಕಾಗದದ ಮೇಲೆ ಲೆಕ್ಕ ಮಾಡಿ ನೋಡಿ. ಉತ್ತರ ಬಂದರೆ ಆ ಕೋರ್ಸನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಿ. ಎರಡು ಸಲ ನೋಡಿದ ಮೇಲೂ ಬಾರದಿದ್ದರೆ ನಿಮ್ಮ ತಲೆಗೆ ಹತ್ತುವುದಿಲ್ಲ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಇನ್ನೊಬ್ಬರ ಪಾಠವನ್ನು ನೋಡಿ.

ಕೈಯಿಂದ ಮಾಡುವ ಕೆಲಸ ಎಷ್ಟಿದೆ?

ರೂಟರಿಗೆ ಕಮಾಂಡ್ ಕೊಡುವುದನ್ನು ನೋಡುವುದಕ್ಕೂ ಕೊಡುವುದಕ್ಕೂ, ಈಜನ್ನು ದಡದಲ್ಲಿ ಕೂತು ನೋಡುವುದಕ್ಕೂ ನೀರಿಗಿಳಿಯುವುದಕ್ಕೂ ಇರುವಷ್ಟೇ ಅಂತರವಿದೆ. ಪ್ರತಿ ಪಾಠದ ಕೊನೆಯಲ್ಲಿ ಲ್ಯಾಬ್ ಇದೆಯೇ, ಲ್ಯಾಬಿನ ಫೈಲ್‌ಗಳನ್ನು ಇಳಿಸಿಕೊಳ್ಳಬಹುದೇ, ತಪ್ಪಾಗಿ ಕಾನ್ಫಿಗರ್ ಮಾಡಿದ ನೆಟ್‌ವರ್ಕ್ ಕೊಟ್ಟು ಸರಿಪಡಿಸಿ ಎನ್ನುವ ಅಭ್ಯಾಸಗಳಿವೆಯೇ ಎಂದು ವಿಚಾರಿಸಿ. ಈ ಕೊನೆಯದು ಇರುವ ಕೋರ್ಸಿಗೆ ನಾನು ಸ್ವಲ್ಪ ಹೆಚ್ಚು ಹಣ ಕೊಡಲೂ ಸಿದ್ಧ, ಏಕೆಂದರೆ ನೌಕರಿಯಲ್ಲಿ ದಿನನಿತ್ಯ ಮಾಡಬೇಕಾದದ್ದು ಅದನ್ನೇ.

ಲ್ಯಾಬ್ ಎಂದಾಕ್ಷಣ ಹಳೆಯ ರೂಟರ್‌ಗಳನ್ನು ಕೊಳ್ಳಬೇಕಾಗಿಲ್ಲ. ಕಂಪ್ಯೂಟರಿನಲ್ಲೇ ಕೃತಕ ನೆಟ್‌ವರ್ಕ್ ಕಟ್ಟಿ ಅಭ್ಯಾಸ ಮಾಡಬಹುದಾದ, ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಎಂಬ ಸಾಫ್ಟ್‌ವೇರ್, ಅದರ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದವರಿಗೆ ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲಿಯೂ ನಡೆಯುತ್ತದೆ. ಮೊಬೈಲ್ ಒಂದನ್ನೇ ನಂಬಿ ಈ ಓದಿಗೆ ಇಳಿಯಬೇಡಿ.

ಭಾಷೆಯ ಪ್ರಶ್ನೆ

ಸಿಸಿಎನ್‌ಎ ಪ್ರಶ್ನೆಪತ್ರಿಕೆ ಕನ್ನಡದಲ್ಲಿಲ್ಲ. ನಮ್ಮವರು ಇಂಗ್ಲಿಷಿನಲ್ಲೇ ಬರೆಯಬೇಕು. ಹಾಗೆಂದು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವುದು ತಪ್ಪಲ್ಲ, ನಾನಂತೂ ಅದನ್ನು ಬೆಂಬಲಿಸುತ್ತೇನೆ. ಕನ್ನಡ ವಿವರಣೆಯ ಕೋರ್ಸ್ ಆರಿಸಿದರೆ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ಉಳಿಸಿದ್ದಾರೆಯೇ, ಅಭ್ಯಾಸದ ಪ್ರಶ್ನೆಗಳು ಇಂಗ್ಲಿಷಿನಲ್ಲಿವೆಯೇ ಎಂದು ನೋಡಿ. ಲಿನಕ್ಸ್ ಕಲಿಯುವವರಿಗೆ ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ಧ್ವನಿಯ ಪಾಠಗಳು ಉಚಿತವಾಗಿ ದೊರೆಯುತ್ತವೆ. ಕಂಪ್ಯೂಟರ್ ನೆಟ್‌ವರ್ಕುಗಳ ಸಿದ್ಧಾಂತಕ್ಕೆ ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಯೋಜನೆಯ ಪಾಠಗಳಿವೆ. ಇವುಗಳನ್ನು ಒಂದೆರಡು ವಾರ ನೋಡಿ, ಈ ಓದು ನಿಮಗೆ ಒಗ್ಗುತ್ತದೆ ಎನಿಸಿದ ಮೇಲೆ ಹಣ ಕಟ್ಟುವ ಕೋರ್ಸಿನ ಯೋಚನೆ ಮಾಡಿ.

ಹಣ ಕಟ್ಟುವ ಮುನ್ನ

ಫೋನ್ ಮಾಡಿ ‘ಇವತ್ತೇ ಕೊನೆಯ ದಿನ, ಒಂದೇ ಸೀಟ್ ಉಳಿದಿದೆ’ ಎಂದು ಅವಸರಿಸುವವರಿಗೆ ಆ ದಿನ ಹಣ ಕಟ್ಟಬೇಡಿ. ವಿಡಿಯೊ ಕೋರ್ಸಿನಲ್ಲಿ ಸೀಟ್ ಮುಗಿಯುವ ಮಾತೇ ಇಲ್ಲ. ‘ತಿಂಗಳ ಕಂತು’ ಎಂದರೆ ಸಂಸ್ಥೆಗೇ ಕಟ್ಟುವ ಕಂತೋ, ನಿಮ್ಮ ಹೆಸರಿನಲ್ಲಿ ಹಣಕಾಸು ಕಂಪನಿಯೊಂದು ಕೊಡುವ ಸಾಲವೋ ಎಂಬುದನ್ನು ಮರೆಯದೆ ಕೇಳಿ. ಸಾಲವಾಗಿದ್ದರೆ, ಕೋರ್ಸನ್ನು ನಡುವೆ ಬಿಟ್ಟರೂ ಇಎಂಐ ನಿಲ್ಲದೇ ಹೋಗಬಹುದು, ತಪ್ಪಿಸಿದರೆ ಕ್ರೆಡಿಟ್ ಸ್ಕೋರ್ ಕೆಡುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ತೊಡಕಾಗುತ್ತದೆ. ಓಟಿಪಿ ಹೇಳುವ ಮುನ್ನ ಸಾಲ ಕೊಡುವವರ ಹೆಸರು, ಬಡ್ಡಿ ಮತ್ತು ಒಟ್ಟು ಮರುಪಾವತಿಯ ವಿವರ ಇರುವ ಪತ್ರವನ್ನು ಓದಿ.

‘ನೂರಕ್ಕೆ ನೂರು ಉದ್ಯೋಗ’ ಎಂಬ ಭರವಸೆ ಇದ್ದರೆ ಅದು ಒಪ್ಪಂದದಲ್ಲಿ ಯಾವ ಪದಗಳಲ್ಲಿದೆ ಎಂದು ನೋಡಿ. ಹಲವೆಡೆ ಅದು ‘ಸಂದರ್ಶನಕ್ಕೆ ನೆರವು’ ಎಂದಷ್ಟೇ ಆಗಿರುತ್ತದೆ. ಹಣ ವಾಪಸಾತಿಯ ನಿಯಮದ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದು, ರಸೀದಿಯ ಜೊತೆಗೆ ಇಟ್ಟುಕೊಳ್ಳಿ. ತಕರಾರು ಬಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕಾದಾಗ ಈ ಕಾಗದಗಳೇ ಆಧಾರವಾಗುತ್ತವೆ.

ಕದ್ದ ಪ್ರಶ್ನೆಗಳ ಸಂಗ್ರಹ, ಅಂದರೆ ‘ಡಂಪ್ಸ್’ ಕೊಡುವುದಾಗಿ ಹೇಳುವ ಕೋರ್ಸನ್ನು ಅಲ್ಲಿಗೇ ಬಿಟ್ಟುಬಿಡಿ. ಸಿಸ್ಕೊ ನಿಯಮದ ಪ್ರಕಾರ ಅದು ವಂಚನೆ, ಸಿಕ್ಕಿಬಿದ್ದರೆ ಪ್ರಮಾಣಪತ್ರವೇ ರದ್ದಾಗಬಹುದು.

ಪರೀಕ್ಷೆಗೆ ಹೆಸರು ನೋಂದಾಯಿಸುವಾಗ

ಕೋರ್ಸಿನ ಜೊತೆಗೆ ಮಾಕ್ ಟೆಸ್ಟ್‌ಗಳಿದ್ದರೆ ಗಡಿಯಾರ ಇಟ್ಟುಕೊಂಡು ಬರೆದು, ಒಂದೇ ಸಮನೆ ಒಳ್ಳೆಯ ಅಂಕ ಬರತೊಡಗಿದ ಮೇಲೆ ದಿನಾಂಕ ಗೊತ್ತುಮಾಡಿಕೊಳ್ಳಿ. ಅನುತ್ತೀರ್ಣರಾದರೆ ಐದು ದಿನ ಕಾದು, ಪೂರ್ತಿ ಶುಲ್ಕವನ್ನು ಮತ್ತೆ ಕಟ್ಟಬೇಕು. ಮನೆಯಿಂದಲೇ ಬರೆಯುವ ಅವಕಾಶವಿದ್ದರೂ ಕರೆಂಟ್ ಹೋಗಿಬರುವ ಊರಿನವರು ಪರೀಕ್ಷಾ ಕೇಂದ್ರಕ್ಕೆ ಹೋಗುವುದೇ ಲೇಸು. ನಮ್ಮಲ್ಲಿ ಇನಿಷಿಯಲ್ ಒಂದು ದಾಖಲೆಯಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಪೂರ್ಣ ಹೆಸರಾಗಿ ಇರುತ್ತದೆ. ಪರೀಕ್ಷೆಯ ದಿನ ತೋರಿಸುವ ಗುರುತಿನ ದಾಖಲೆಯಲ್ಲಿ ಹೆಸರು ಹೇಗಿದೆಯೋ ಅಕ್ಷರಶಃ ಹಾಗೆಯೇ ಪಿಯರ್ಸನ್ ವ್ಯೂ ಖಾತೆಯಲ್ಲಿಯೂ ಇರಬೇಕು. ವ್ಯತ್ಯಾಸವಿದ್ದರೆ ದಿನಾಂಕ ಹತ್ತಿರವಾಗುವ ಮೊದಲೇ ಅವರಿಗೆ ಬರೆದು ತಿದ್ದಿಸಿಕೊಳ್ಳಿ.