ಜಾತ್ರೆಯಲ್ಲಿ ತಿನಿಸಿನ ಅಂಗಡಿ: ಪರವಾನಗಿಯಿಂದ ತಪಾಸಣೆವರೆಗೆ

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರು ಎಳೆದರೆ ಅಲ್ಲಿಗೆ ಜಾತ್ರೆ ಮುಗಿಯಲಿಲ್ಲ, ಮುಂದೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳ ಆಟ ಬಿಟ್ಟಾಗ ನಡುರಾತ್ರಿಯಲ್ಲೂ ಜನ ಮಿರ್ಚಿ ಭಜಿ, ಗಿರ್ಮಿಟ್, ಬಿಸಿ ಜಿಲೇಬಿ ಹುಡುಕಿಕೊಂಡು ಬರುತ್ತಾರೆ. ಹಗಲು ಗುಡಿಯ ಮುಂದೆ ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಝುಣಕ, ಕೆಂಪು ಚಟ್ನಿ ಇಟ್ಟುಕೊಂಡು ಕೂತ ಅವ್ವಂದಿರ ಹತ್ತಿರ ಉಣ್ಣದೆ ಯಾರೂ ಊರಿಗೆ ಹೋಗುವುದಿಲ್ಲ. ಹೀಗೆ ನಂಬಿ ಉಂಡವರ ಮಕ್ಕಳಿಗೆ ಮರುದಿನ ವಾಂತಿಭೇದಿ ಹಿಡಿಯಬಾರದು. ಪರವಾನಗಿ, ತಪಾಸಣೆ ಎಲ್ಲ ಇರುವುದು ಅದಕ್ಕೇ. ಕಾಗದಪತ್ರದ್ದೇ ದೊಡ್ಡ ತಲೆನೋವು ಎಂದು ಹೊಸದಾಗಿ ಅಂಗಡಿ ಹಾಕುವವರು ತಿಳಿದಿರುತ್ತಾರೆ. ನನ್ನ ಪ್ರಕಾರ ಕಾಗದ ಸುಲಭ. ನೀರು ಮತ್ತು ಎಣ್ಣೆಯೇ ಕಷ್ಟ.

ಮೊದಲು ಜಾಗ

ಜಾಗ ಯಾರದು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಕೆಲವು ಕಡೆ ಜಾಗ ಗ್ರಾಮ ಪಂಚಾಯಿತಿಯದು, ಕೆಲವು ಕಡೆ ದೇವಸ್ಥಾನದ ಟ್ರಸ್ಟಿನದು, ಇನ್ನು ಕೆಲವು ಕಡೆ ಯಾರದೋ ಹೊಲ. ವಿಜಯಪುರದಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನಡೆಯುವುದು ಊರ ನಡುವೆಯೇ, ಹಾಗಾಗಿ ಅಲ್ಲಿ ಮಹಾನಗರ ಪಾಲಿಕೆಯನ್ನೂ ಕೇಳಬೇಕು. ಅನುಮತಿ ಯಾರೇ ಕೊಡಲಿ, ದುಡ್ಡು ಕಟ್ಟಿದ್ದಕ್ಕೆ ರಸೀದಿ ಇಸಿದುಕೊಳ್ಳಿ. ಅದರಲ್ಲಿ ಜಾಗದ ಅಳತೆ, ಎಷ್ಟು ದಿನಕ್ಕೆ ಎಂಬುದು ಬರೆದಿರಲಿ. ಬಾಯಿಮಾತಿನ ಮೇಲೆ ತಗಡು ಹೊಡೆದು ಕೂತರೆ ಮರುದಿನ ಇನ್ನೊಬ್ಬರು ಬಂದು ‘ಇದು ನಮ್ ಜಾಗಾ’ ಅಂದಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಗಟಾರ, ಕಸದ ರಾಶಿ, ಶೌಚಾಲಯದ ಪಕ್ಕದ ಜಾಗ ಅಗ್ಗಕ್ಕೆ ಸಿಕ್ಕರೂ ಬೇಡ. ನೊಣ ಮುತ್ತುವ ಜಾಗದಲ್ಲಿ ನೀವು ಎಷ್ಟು ತೊಳೆದರೂ ತಪಾಸಣೆಗೆ ಬಂದವರಿಗೆ ಸಮಾಧಾನವಾಗುವುದಿಲ್ಲ.

ನೋಂದಣಿ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರದು. ಲೈಸೆನ್ಸ್, ನೋಂದಣಿಯ ನಿಯಮ ಬಂದದ್ದು 2011ರಲ್ಲಿ. ಸಣ್ಣ ವ್ಯಾಪಾರಿಗೆ ಲೈಸೆನ್ಸ್ ಬೇಕಿಲ್ಲ, ನೋಂದಣಿ ಸಾಕು. 2011ರ ನಿಯಮ ಸಣ್ಣ ವ್ಯಾಪಾರಕ್ಕೆ ಹಾಕಿದ ಗೆರೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು. ತಿರುಗಾಡಿ ಮಾರುವವರು, ತಾತ್ಕಾಲಿಕ ಅಂಗಡಿ ಹಾಕುವವರು ಇದರಲ್ಲೇ ಬರುತ್ತಾರೆ ಎಂದು ನಿಯಮ ಹೆಸರು ಹಿಡಿದು ಹೇಳಿದೆ. ಜಾತ್ರೆ ನಾಲ್ಕು ದಿನದ್ದು ತಾನೇ ಎಂದು ಬಿಡುವಂತಿಲ್ಲ.

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫೋಸ್ಕೋಸ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಮೊಬೈಲಿನಲ್ಲಿ ತೊಡಕಾದರೆ ಊರಿನ ಕಂಪ್ಯೂಟರ್ ಸೆಂಟರಿನಲ್ಲಿ ಹಾಕಿಸಿ. ನಿಮ್ಮ ಫೋಟೊ, ಆಧಾರ್, ವಿಳಾಸದ ದಾಖಲೆ ಜೊತೆಗಿರಲಿ. ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ತಿರುಗಾಡಿ ಮಾರುವ ಸಣ್ಣ ವ್ಯಾಪಾರಿಗಳಿಗೆ 2024ರಲ್ಲಿ ಅದನ್ನೂ ಮನ್ನಾ ಮಾಡಿದರು. ಅದಕ್ಕೇ ಅರ್ಜಿಯಲ್ಲಿ ವ್ಯಾಪಾರದ ಬಗೆಯನ್ನು ಸರಿಯಾಗಿ ಆರಿಸಿ. ಅರ್ಜಿ ಸೇರಿದ 7 ದಿನದೊಳಗೆ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಅಥವಾ ತಪಾಸಣೆಗೆ ಬರುತ್ತೇವೆ ಎಂದು ತಿಳಿಸಬೇಕು. ತಪಾಸಣೆ ಅಂದರೆ 30 ದಿನದವರೆಗೂ ಹೋಗಬಹುದು. ಹಾಗಾಗಿ ತೇರಿಗೆ ಎರಡು ತಿಂಗಳು ಇರುವಾಗಲೇ ಅರ್ಜಿ ಹಾಕುವುದು ಒಳ್ಳೆಯದು. 14 ಅಂಕಿಯ ನಂಬರಿನ ಸರ್ಟಿಫಿಕೇಟ್ ಬಂದ ಮೇಲೆ ಲ್ಯಾಮಿನೇಟ್ ಮಾಡಿಸಿ, ಗಿರಾಕಿಗೆ ಕಾಣುವಂತೆ ತೂಗುಹಾಕಿ. ಟ್ರಂಕಿನೊಳಗೆ ಇಟ್ಟರೆ ಉಪಯೋಗವಿಲ್ಲ.

ಉಳಿದದ್ದು ಸಣ್ಣಪುಟ್ಟದ್ದು. ಕರೆಂಟಿಗೆ ಈ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ ತಾತ್ಕಾಲಿಕ ಸಂಪರ್ಕ ಪಡೆಯಿರಿ, ಕಂಬಕ್ಕೆ ತಂತಿ ಕೊಕ್ಕೆ ಹಾಕಬೇಡಿ. ಗ್ಯಾಸ್ 19 ಕಿಲೋದ ವಾಣಿಜ್ಯ ಸಿಲಿಂಡರೇ ಇರಬೇಕು, ಮನೆಯ 14.2 ಕಿಲೋ ಸಿಲಿಂಡರ್ ಅಂಗಡಿಗೆ ತಂದರೆ ಅದೇ ಒಂದು ಅಪರಾಧ. ತೂಕದ ಮೇಲೆ ಜಿಲೇಬಿ, ಖಾರಾ ಮಾರುವವರು ತಕ್ಕಡಿಗೆ ತೂಕ-ಅಳತೆ ಇಲಾಖೆಯ ಮುದ್ರೆ ಹಾಕಿಸಿರಬೇಕು. ಡಬ್ಬಿಯ ತೂಕವನ್ನು ಜಿಲೇಬಿಯ ತೂಕಕ್ಕೆ ಸೇರಿಸುವಂತಿಲ್ಲ.

ನೀರು

ಜಾತ್ರೆಯಲ್ಲಿ ಕಾಯಿಲೆ ಹೆಚ್ಚಾಗಿ ಬರುವುದು ನೀರಿನಿಂದ. ಟ್ಯಾಂಕರ್ ನೀರು ಎಲ್ಲಿಂದ ತುಂಬಿದ್ದು ಎಂದು ಚಾಲಕನನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಡ್ರಮ್ಮಿಗೆ ಮುಚ್ಚಳ ಇರಲಿ, ಕೆಳಗೆ ನಳ ಇರಲಿ. ಚೊಂಬು ಅದ್ದಿ ತೆಗೆಯುವ ಡ್ರಮ್ಮಿನೊಳಗೆ ದಿನಕ್ಕೆ ನೂರು ಕೈ ಇಳಿಯುತ್ತವೆ, ಅಷ್ಟೂ ಕೈಗಳ ಹೊಲಸು ಅದರಲ್ಲೇ ಉಳಿಯುತ್ತದೆ. ಕ್ಲೋರಿನ್ ಗುಳಿಗೆಯನ್ನು ಪೊಟ್ಟಣದ ಮೇಲೆ ಬರೆದ ಅಳತೆಯಲ್ಲೇ ಹಾಕಿ, ಅರ್ಧ ತಾಸು ಬಿಟ್ಟು ಬಳಸಿ. ಆರೋಗ್ಯ ಇಲಾಖೆಯವರು ಬಂದರೆ ಸಣ್ಣ ಗಾಜಿನ ಕೊಳವೆಯಲ್ಲಿ ನಿಮ್ಮ ನೀರು ಹಿಡಿದು, ಎರಡು ಹನಿ ದ್ರಾವಣ ಬಿಟ್ಟು, ಬಣ್ಣ ಹಳದಿಗೆ ತಿರುಗುತ್ತದೋ ಎಂದು ನೋಡುತ್ತಾರೆ. ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು. ಗಿರ್ಮಿಟ್‌ಗೆ ಹೆಚ್ಚುವ ಉಳ್ಳಾಗಡ್ಡಿ, ಕೊತ್ತಂಬರಿ ತೊಳೆಯುವುದಕ್ಕೂ ಇದೇ ನೀರು ಬೇಕು. ಅವು ಒಲೆ ಕಾಣುವುದಿಲ್ಲ, ಹಸಿಯಾಗಿಯೇ ಹೊಟ್ಟೆಗೆ ಹೋಗುತ್ತವೆ. ಪ್ಲೇಟ್ ತೊಳೆಯಲು ಒಂದೇ ಬಕೆಟ್ ಇಟ್ಟು ಅದ್ದಿ ಅದ್ದಿ ಕೊಡುವುದನ್ನು ದಯವಿಟ್ಟು ಬಿಡಿ.

ಎಣ್ಣೆ, ಬಣ್ಣ, ಕಾಗದ

ಭಜಿ ಕಡಾಯಿಯ ಎಣ್ಣೆ ಕೆಟ್ಟಿದ್ದು ಕಣ್ಣಿಗೇ ಗೊತ್ತಾಗುತ್ತದೆ. ಬಣ್ಣ ಕಪ್ಪಡರುತ್ತದೆ, ನೊರೆ ಎದ್ದದ್ದು ಇಳಿಯುವುದಿಲ್ಲ, ಸೌಟಿನಿಂದ ಸುರಿದರೆ ಪಾಕದಂತೆ ಎಳೆಯುತ್ತದೆ, ಹೊಗೆಗೆ ಕಣ್ಣು ಉರಿಯುತ್ತದೆ. ಕಾನೂನಿನ ಲೆಕ್ಕದಲ್ಲಿ ಎಣ್ಣೆಯಲ್ಲಿನ ಒಟ್ಟು ಪೋಲಾರ್ ಅಂಶ, ಅಂದರೆ ಎಣ್ಣೆ ಕಾದು ಕಾದು ಕೆಟ್ಟಾಗ ಹುಟ್ಟುವ ಅಂಶ, ಶೇ 25 ದಾಟಬಾರದು. ಅಧಿಕಾರಿಯ ಹತ್ತಿರ ಅಳೆಯುವ ಮೀಟರ್ ಇರುತ್ತದೆ. ಹಳೆ ಎಣ್ಣೆಗೆ ಹೊಸದನ್ನು ಬೆರೆಸುತ್ತಾ ಹೋದರೆ ಹೊಸದೂ ಬೇಗ ಕೆಡುತ್ತದೆ. ಕಡಾಯಿಯಲ್ಲಿ ಉಳಿದ ಕರಿ ಚೂರುಗಳನ್ನು ಆಗಾಗ ಜಾಲರಿಯಿಂದ ತೆಗೆದರೆ ಎಣ್ಣೆ ಹೆಚ್ಚು ಹೊತ್ತು ಬಾಳುತ್ತದೆ.

ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ ಮಾರ್ಚ್ 2024ರಲ್ಲಿ ನಿಷೇಧಿಸಿತು. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಅಂತೂ ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಬಂದ್ ಆಯಿತು. ಸಂತೆಯಲ್ಲಿ ಚೀಟಿ ಇಲ್ಲದ ಪೊಟ್ಟಣದಲ್ಲಿ ಸಿಗುವ ಬಣ್ಣದ ಪುಡಿಯನ್ನು ಮುಟ್ಟಲೇಬೇಡಿ. ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ! ಭಜಿಯನ್ನು ನ್ಯೂಸ್‌ಪೇಪರಿನಲ್ಲಿ ಕಟ್ಟಿ ಕೊಡುವುದಕ್ಕೂ ನಿಷೇಧವಿದೆ. ಬಿಸಿ ಎಣ್ಣೆಗೆ ಅಚ್ಚಿನ ಮಸಿ ಬಿಟ್ಟುಕೊಳ್ಳುತ್ತದೆ. ಪತ್ರಿಕೆಯವರಾದ ನಾವೇ ಹೇಳುತ್ತಿದ್ದೇವೆ, ಎಲೆ ಅಥವಾ ಬಿಳಿ ಕಾಗದ ಬಳಸಿ.

ರಾತ್ರಿಯಿಡೀ ಮಾರುವವರಿಗೆ ಇನ್ನೊಂದು ಮಾತು. ಸಂಜೆ ಮಾಡಿದ ಪಲ್ಯ, ಅನ್ನ ನಡುರಾತ್ರಿವರೆಗೆ ಬೆಚ್ಚಗೆ ಕೂತರೆ ಅದೇ ಅಪಾಯ. 60 ಡಿಗ್ರಿಗಿಂತ ಬಿಸಿಯಾಗಿ ಇಡಿ, ಇಲ್ಲವಾದರೆ ಸ್ವಲ್ಪ ಸ್ವಲ್ಪವೇ ಮಾಡಿ. ಜ್ವರ, ಭೇದಿ, ಕೈಗೆ ಹುಣ್ಣು ಆದ ಆಳನ್ನು ಒಲೆ ಮುಂದೆ ನಿಲ್ಲಿಸಬೇಡಿ, ಬೇರೆ ಕೆಲಸ ಕೊಡಿ. ತಲೆಗೆ ಟೊಪ್ಪಿಗೆ, ಏಪ್ರನ್ ಇರಲಿ. ರೊಕ್ಕ ಎಣಿಸುವ ಕೈ ಬೇರೆ, ತಿನಿಸು ಕೊಡುವ ಕೈ ಬೇರೆ ಇರಲಿ.

ಅಧಿಕಾರಿ ಬಂದಾಗ

ಆಹಾರ ಸುರಕ್ಷತಾಧಿಕಾರಿ ಹೇಳಿ ಬರುವುದಿಲ್ಲ. ಬಂದರೆ ಗಾಬರಿಯಾಗಿ ಅಂಗಡಿ ಮುಚ್ಚಬೇಡಿ. ಗುರುತಿನ ಚೀಟಿ ಕೇಳಿ ನೋಡುವುದು ತಪ್ಪಲ್ಲ. ಸರ್ಟಿಫಿಕೇಟ್, ಜಾಗದ ರಸೀದಿ, ಹಿಟ್ಟು-ಎಣ್ಣೆ ತಂದ ಬಿಲ್ಲು ಒಂದೇ ಚೀಲದಲ್ಲಿ ಇಟ್ಟುಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ. ಬಿಲ್ಲು ಇದ್ದರೆ ಎಣ್ಣೆಯೇ ಕಲಬೆರಕೆ ಆಗಿದ್ದಾಗ ತಪ್ಪು ಎಲ್ಲಿಂದ ಬಂತೆಂದು ತೋರಿಸಬಹುದು. ಹಳಸಿದ್ದು ಕಂಡರೆ ಅಲ್ಲೇ ಚೆಲ್ಲಿಸುತ್ತಾರೆ. ಅದಕ್ಕೆ ವಾದ ಮಾಡಬೇಡಿ. ಹೊಲಸು ಜಾಗದಲ್ಲಿ ತಿನಿಸು ಮಾಡಿದ್ದಕ್ಕೆ ಕಾಯ್ದೆಯಲ್ಲಿ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಮಾದರಿ ತೆಗೆದರೆ ನಿಮ್ಮ ಹಕ್ಕುಗಳೂ ಗೊತ್ತಿರಲಿ. ತೆಗೆದ ಪದಾರ್ಥಕ್ಕೆ ನೀವು ಗಿರಾಕಿಗೆ ಮಾರುವ ದರದಲ್ಲೇ ಅವರು ದುಡ್ಡು ಕೊಡಬೇಕು, ಬರಹದಲ್ಲಿ ನೋಟಿಸ್ ಕೊಡಬೇಕು. ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲ್ ಮಾಡುತ್ತಾರೆ. ಅದರಲ್ಲಿ ಒಂದು ಭಾಗವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ನೀವು ಕೇಳಬಹುದು. ಆ ಪರೀಕ್ಷೆಯ ಖರ್ಚು ನಿಮ್ಮದು. ಕೇಳುವುದನ್ನು ಅದೇ ಹೊತ್ತಿಗೆ, ಬರಹದಲ್ಲಿ ಕೇಳಿ. ಸೀಲ್ ಸರಿಯಾಗಿ ಬಿದ್ದಿದೆಯೋ ನೋಡಿಯೇ ಸಹಿ ಹಾಕಿ. ವರದಿ ನಿಮ್ಮ ವಿರುದ್ಧ ಬಂದರೆ ಅದು ಕೈಸೇರಿದ 30 ದಿನದೊಳಗೆ ಜಿಲ್ಲೆಯ ಅಂಕಿತ ಅಧಿಕಾರಿಗೆ (ಆಹಾರ ಸುರಕ್ಷತಾಧಿಕಾರಿಯ ಮೇಲಿನವರು) ಮೇಲ್ಮನವಿ ಹಾಕಬೇಕು. ಜಾತ್ರೆ ಮುಗಿಸಿ ಮುಂದಿನ ಊರಿಗೆ ಹೋದಾಗಲೂ ವರದಿ ನಿಮಗೆ ತಲುಪುವಂತೆ, ನೋಂದಣಿ ಅರ್ಜಿಯಲ್ಲಿ ಕೊಟ್ಟ ವಿಳಾಸ ಮತ್ತು ಮೊಬೈಲ್ ನಂಬರ್ ಚಾಲ್ತಿಯಲ್ಲಿರಲಿ.