ಡಿಗ್ರಿಯಲ್ಲೇ ಶಾಂತಿ ಅಧ್ಯಯನ: ಒಂದೇ ಒಂದು ಜಗಳ ಹಿಡಿದು ಓದಿ

ನಾನು ಏನು ಓದುತ್ತಿದ್ದೇನೆ ಎಂದು ನಮ್ಮ ಸೋದರಮಾವನಿಗೆ ಕೊನೆಗೂ ಅರ್ಥವಾಗಲಿಲ್ಲ. ಶಾಂತಿ ಅಧ್ಯಯನ ಅಂದಾಗ "ಧ್ಯಾನಗೀನ ಹೇಳಿಕೊಡ್ತಾರೇನೋ?" ಎಂದು ಕೇಳಿದರು. ಇಲ್ಲ ಮಾವ, ಜಗಳದ ಬಗ್ಗೆ ಓದೋದು ಅಂದೆ. "ಅದಕ್ಕೆ ಕಾಲೇಜು ಯಾಕೆ, ಊರಿಗೆ ಬಾ" ಅಂದರು. ತಮಾಷೆಗೆ ಹೇಳಿದ ಮಾತು. ಆದರೆ ಅದರಲ್ಲಿ ಹುರುಳಿದೆ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಮುಗಿದಿತ್ತು. ಆ ಎರಡು ವರ್ಷ ನಾನು ಮಾಡಿದ್ದು ಹೆಚ್ಚಾಗಿ ಥಿಯರಿ ಬಾಯಿಪಾಠ. ಉತ್ತರ ಐರ್ಲೆಂಡಿನ 1998ರ ಒಪ್ಪಂದದ ಬಗ್ಗೆ ನಾಲ್ಕು ಪುಟ ಬರೆಯಬಲ್ಲೆ, ನಮ್ಮೂರ ಕೆರೆ ತೂಬಿನ ಜಗಳ ಯಾಕೆ ಶುರುವಾಯಿತು ಎಂದರೆ ಬಾಯಿ ಕಟ್ಟುತ್ತಿತ್ತು. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೋರ್ಸ್ ವಿಷಯ ಮುಗಿಸಿಬಿಡೋಣ

ನಮ್ಮಲ್ಲಿ ಬಿ.ಎ. ಮಟ್ಟದಲ್ಲಿ ಈ ಹೆಸರಿನ ಕೋರ್ಸ್ ಸಿಗುವುದು ಅಪರೂಪ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇದು ನಾಲ್ಕಾರು ವಿಷಯಗಳಿಂದ ಕಡ ತಂದು ಕಟ್ಟಿದ ಮನೆ. ಹೆಚ್ಚಿನ ಕಾಲೇಜುಗಳಲ್ಲಿ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಇದ್ದೇ ಇರುತ್ತದೆ, ಅದು ಸಾಕು. ಸಮಾಜಶಾಸ್ತ್ರ ಇರುವ ಕಾಂಬಿನೇಷನ್ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂದರೆ ಜಾತಿ ಅರ್ಥವಾಗದೆ ನಮ್ಮ ಕಡೆಯ ಯಾವ ಜಗಳವೂ ಅರ್ಥವಾಗುವುದಿಲ್ಲ. 2024-25ರಿಂದ ರಾಜ್ಯದಲ್ಲಿ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಹಾಗಾಗಿ ನಿಮ್ಮ ಕೈಯಲ್ಲಿರುವುದು ಮೂರು ವರ್ಷ ಅಂತಲೇ ಲೆಕ್ಕ ಹಾಕಿ.

ಈ ಹೆಸರಿನ ಪದವಿಯೇ ಬೇಕು ಅಂದರೆ ಎಂ.ಎ.ಗೆ ಕಾಯಿರಿ. ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ 2004ರಲ್ಲಿ ಶುರುವಾದ ನೆಲ್ಸನ್ ಮಂಡೇಲಾ ಕೇಂದ್ರ ಇದೆ, ಗುವಾಹಟಿಯ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಇದೆ, ಸಿಕ್ಕಿಂ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಹೊರದೇಶದಲ್ಲಿ ಹಳೆಯವು ಅಂದರೆ ಸ್ವೀಡನ್ನಿನ ಉಪ್ಸಲಾ ಮತ್ತು ಇಂಗ್ಲೆಂಡಿನ ಬ್ರಾಡ್‌ಫರ್ಡ್. ಎರಡೂ 1970ರ ದಶಕದ ಮೊದಲಲ್ಲಿ ಹುಟ್ಟಿದ ವಿಭಾಗಗಳು. ಇಗ್ನೋದಲ್ಲಿ ಗಾಂಧಿ ಮತ್ತು ಶಾಂತಿ ಅಧ್ಯಯನ ಎಂಬ ಎಂ.ಎ. ಇದೆ. ನೀವು ಅದಕ್ಕೆ ಸೇರದಿದ್ದರೂ ಅದರ ಪಾಠಗಳು ಇಗ್ನೋದ ಆನ್‌ಲೈನ್ ಭಂಡಾರವಾದ ಇ-ಜ್ಞಾನಕೋಶದಲ್ಲಿ ಪುಕ್ಕಟೆ ಸಿಗುತ್ತವೆ. ಬಿ.ಎ. ಮೊದಲ ವರ್ಷದಲ್ಲೇ ಇಳಿಸಿಕೊಳ್ಳಿ. ಇಂಗ್ಲಿಷ್ ಸ್ವಲ್ಪ ಒಣಒಣ, ಆದರೂ ಅರ್ಥವಾಗುತ್ತದೆ.

ಒಂದು ಜಗಳ ಆರಿಸಿಕೊಳ್ಳಿ

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಒಂದು ಸಂಘರ್ಷ ಆರಿಸಿಕೊಂಡು ಮೂರು ವರ್ಷ ಅದನ್ನೇ ಹಿಡಿದಿರಿ. ಕ್ಲಾಸಿನಲ್ಲಿ ಯಾವ ಹೊಸ ಥಿಯರಿ ಬಂದರೂ ಅದರ ಮೇಲೆ ಉಜ್ಜಿ ನೋಡಿ. ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇರಬೇಕು, ಎರಡೂ ಕಡೆಯವರ ಮಾತು ನಿಮಗೆ ನೇರವಾಗಿ ಕೇಳಿಸಬೇಕು, ಮತ್ತೆ ಅದು ನಿಮ್ಮ ಮನೆಯದೇ ಜಗಳ ಆಗಿರಬಾರದು. ನಿಮ್ಮ ಅಪ್ಪ ಚಿಕ್ಕಪ್ಪಂದಿರ ಪಾಲಿನ ಕೇಸ್ ಇಟ್ಟುಕೊಂಡು ಸಂಶೋಧನೆ ಮಾಡಲು ಹೋದರೆ ಸಂಶೋಧನೆಯೂ ಇಲ್ಲ, ಊಟವೂ ಇಲ್ಲ.

ಹುಡುಕಿದರೆ ಬೇಕಾದಷ್ಟಿವೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು, 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಬೆಳಗಾವಿ ಗಡಿ, ಮಹದಾಯಿ ಇವೆ. ಹಾಸನ, ಕೊಡಗಿನ ಕಾಡಾನೆ ಸಮಸ್ಯೆಯೂ ಸಂಘರ್ಷವೇ, ಅಲ್ಲಿ ಒಂದು ಕಡೆಯವರು ಮಾತಾಡುವುದಿಲ್ಲ ಅಷ್ಟೆ. ನಾನು ಹಿಡಿದಿದ್ದು ಕಾವೇರಿ. ನಮ್ಮದು ಮಂಡ್ಯದ ಕಡೆ, ಬೇರೆ ಏನು ಹಿಡಿಯಲಿ.

ಕಾವೇರಿಯಲ್ಲಿ ನಾನು ಕಲಿತದ್ದು

ಮೊದಲ ಕೆಲಸ, ಒಂದು ಉದ್ದ ಹಾಳೆಯ ಮೇಲೆ ಇಸವಿಗಳನ್ನು ಬರೆಯಿರಿ. ಮೈಸೂರು ಮತ್ತು ಮದ್ರಾಸಿನ ನಡುವೆ 1892ರ ಒಪ್ಪಂದ. 50 ವರ್ಷಕ್ಕೆ ಮರುಪರಿಶೀಲನೆ ಆಗಬೇಕಿದ್ದ 1924ರ ಒಪ್ಪಂದ. 1990ರಲ್ಲಿ ನ್ಯಾಯಮಂಡಳಿ. 1991ರ ಜೂನ್‌ನಲ್ಲಿ ಮಧ್ಯಂತರ ಆದೇಶ, ಅದೇ ಡಿಸೆಂಬರಿನಲ್ಲಿ ಗಲಭೆ. 2007ರಲ್ಲಿ ಅಂತಿಮ ತೀರ್ಪು. 2016ರಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟವು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲಿಗೆ 14.75 ಟಿಎಂಸಿ ಸೇರಿಸಿ 284.75 ಮಾಡಿತು, ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯಿತು. ಆಮೇಲೆ 2023ರಲ್ಲಿ ಮತ್ತೆ ಬಂದ್.

ಈಗ ಅದೇ ಹಾಳೆಯ ಕೆಳಗೆ ಇನ್ನೊಂದು ಗೆರೆ ಎಳೆದು ಯಾವ ವರ್ಷ ಮಳೆ ಹೇಗಿತ್ತು ಅಂತ ಗುರುತು ಹಾಕಿ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ನಿಜವಾಗಿ. ಕೆಆರ್‌ಎಸ್ ತುಂಬಿದ ವರ್ಷ ಇವರು ಬಾಗಿನ ಬಿಡುತ್ತಾರೆ, ಅವರು ಮೆಟ್ಟೂರಿನ ಬಾಗಿಲು ತೆಗೆಯುತ್ತಾರೆ, ಯಾರಿಗೂ ಟಿಎಂಸಿ ಅನ್ನುವ ಪದವೇ ನೆನಪಿರುವುದಿಲ್ಲ. 2002, 2016, 2023, ಮಳೆ ಕೈಕೊಟ್ಟ ವರ್ಷಗಳಲ್ಲೇ ಬೀದಿ ಬಿಸಿಯಾಗಿದೆ. ಅಂದರೆ ಬಡಿದಾಟ ನಡೆಯುತ್ತಿರುವುದು ಮಾಮೂಲಿ ವರ್ಷದ ಪಾಲಿನ ಮೇಲಲ್ಲ, ಕೊರತೆ ಬಂದಾಗ ಯಾರು ಎಷ್ಟು ಕಳೆದುಕೊಳ್ಳಬೇಕು ಎನ್ನುವುದರ ಮೇಲೆ. ಪತ್ರಿಕೆಗಳು ಅದನ್ನೇ ಸಂಕಷ್ಟ ಸೂತ್ರ ಎನ್ನುತ್ತವೆ. ಜಗಳ ಯಾವುದರ ಬಗ್ಗೆ ಎಂದು ಜಗಳವಾಡುವವರು ಹೇಳುತ್ತಾರೋ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಅದರ ಎದುರಿಗೆ ನಿಮಗೆ ಕಂಡದ್ದನ್ನೂ ಬರೆಯಿರಿ. ಎರಡೂ ಒಂದೇ ಆಗಿರುವುದು ಕಡಿಮೆ.

ಎರಡನೇ ಕೆಲಸ, ಘೋಷಣೆಯ ಕೆಳಗೆ ಏನಿದೆ ಅಂತ ಕೆದಕುವುದು. "ಒಂದು ಹನಿ ನೀರೂ ಬಿಡಲ್ಲ" ಎನ್ನುವುದು ಪಟ್ಟು. ಪಟ್ಟಿನ ಕೆಳಗೆ ಒಂದು ಅಗತ್ಯ ಇರುತ್ತದೆ. ಮಂಡ್ಯದ ರೈತನಿಗೆ ನಿಂತ ಕಬ್ಬು ಒಣಗದಂತೆ ಬೇಸಿಗೆವರೆಗೆ ನಾಲೆಯಲ್ಲಿ ನೀರು ಬೇಕು. ತಂಜಾವೂರಿನವನ ಕುರುವೈ ಭತ್ತಕ್ಕೆ ಜೂನ್‌ನಲ್ಲೇ ಬೇಕು. ಮೆಟ್ಟೂರು ಅಣೆಕಟ್ಟೆ ವಾಡಿಕೆಯಂತೆ ತೆರೆಯುವುದು ಜೂನ್ 12ಕ್ಕೆ. ಕೊಡಗಿನಲ್ಲಿ ಮುಂಗಾರು ಕಾಲಿಡುವುದೂ ಆಗಲೇ, ಕಟ್ಟೆ ತುಂಬುವುದು ಎಷ್ಟೋ ವಾರದ ಮೇಲೆ. ಹಾಗಾಗಿ ಇದು ಎಷ್ಟು ನೀರು ಎನ್ನುವುದರಷ್ಟೇ ಯಾವ ತಿಂಗಳು ಎನ್ನುವ ಜಗಳವೂ ಹೌದು, ನ್ಯಾಯಮಂಡಳಿ ತಿಂಗಳ ಲೆಕ್ಕದಲ್ಲಿ ನೀರು ಹಂಚಿದ್ದು ಅದಕ್ಕೇ. ಹೀಗೆ ಬಿಡಿಸಿದಾಗ ಮಾತುಕತೆಗೆ ಒಂದಿಷ್ಟು ಜಾಗ ಸಿಗುತ್ತದೆ. ಬೆಳೆ ಬದಲಿಸಬಹುದಾ, ಬಿತ್ತನೆ ಹದಿನೈದು ದಿನ ತಳ್ಳಬಹುದಾ, ನಾಲೆಯಲ್ಲಿ ಸೋರುವ ನೀರು ನಿಲ್ಲಿಸಬಹುದಾ. "ಕೊಡ್ತೀವಿ, ಕೊಡಲ್ಲ" ಎನ್ನುವಲ್ಲಿ ಆ ಜಾಗವೇ ಇರುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 2002ರ ಬರದ ಮರುವರ್ಷ, ಚೆನ್ನೈನ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್ ನೆರವಿನಿಂದ ಎರಡೂ ರಾಜ್ಯದ ರೈತರು ಸೇರಿ 'ಕಾವೇರಿ ಕುಟುಂಬ' ಕಟ್ಟಿಕೊಂಡರು. ಇವರು ಅವರ ಗದ್ದೆಗೆ ಹೋದರು, ಅವರು ಇವರ ಗದ್ದೆಗೆ ಬಂದರು. ಎದುರು ಪಕ್ಷದವನ ಒಣಗಿದ ಗದ್ದೆಯ ಬದುವಿನ ಮೇಲೆ ನಿಂತ ರೈತ "ಇವನು ನನ್ನ ನೀರು ಕದ್ದು ಮಜಾ ಮಾಡ್ತಿದ್ದಾನೆ" ಎಂದು ಮುಂಚಿನಷ್ಟು ಸಲೀಸಾಗಿ ಹೇಳಲಾರ. ಆದರೆ ಈ ಕುಟುಂಬದಿಂದ ಎರಡು ಸರ್ಕಾರಗಳು ಸಹಿ ಹಾಕುವ ಒಪ್ಪಂದ ಹುಟ್ಟಲಿಲ್ಲ. ಯಾಕೆ? ರೈತರ ನಡುವೆ ನಂಬಿಕೆ ಹುಟ್ಟಿದರೂ ಅದು ಸಚಿವಾಲಯದವರೆಗೆ ಏರುವ ಮೆಟ್ಟಿಲು ಎಲ್ಲಿ ಮುರಿದಿದೆ? ನನ್ನ ಮೂರನೇ ವರ್ಷದ ಪ್ರಾಜೆಕ್ಟ್ ಇದೇ ಪ್ರಶ್ನೆ. ಪೂರ್ತಿ ಉತ್ತರ ಸಿಗಲಿಲ್ಲ, ಮಾರ್ಕ್ಸ್ ಸಿಕ್ಕಿತು.

ಇನ್ನೊಂದನ್ನು ಮರೆಯಬೇಡಿ. 1991ರ ಡಿಸೆಂಬರಿನಲ್ಲಿ ಏಟು ತಿಂದವರು ತಂಜಾವೂರಿನ ಜಮೀನುದಾರರಲ್ಲ. ಬೆಂಗಳೂರಿನಲ್ಲಿ ಕೂಲಿ ಮಾಡಿಕೊಂಡಿದ್ದ, ಕಾವೇರಿಯ ಒಂದು ನಾಲೆಯನ್ನೂ ನೋಡದ ತಮಿಳು ಕುಟುಂಬಗಳು. ನೀರಿನ ಜಗಳ ಭಾಷೆಯ ಜಗಳವಾಗಿ ಗದ್ದೆಯಿಂದ ನಗರಕ್ಕೆ ಬಂದದ್ದು ಹೇಗೆ, ಬರುವಾಗ ಯಾರಿಗೆ ಲಾಭವಾಯಿತು ಎಂದು ಕೇಳದಿದ್ದರೆ ನಿಮ್ಮ ಅಧ್ಯಯನ ಬರೀ ನೀರಾವರಿ ಇಲಾಖೆಯ ಫೈಲ್ ಆಗುತ್ತದೆ.

ಥಿಯರಿ ಬೇಕು, ಆದರೆ ಇಷ್ಟು

ಈ ಕ್ಷೇತ್ರದಲ್ಲಿ ತಪ್ಪಿಸಿಕೊಳ್ಳಲಾಗದ ಹೆಸರು ನಾರ್ವೆಯ ಯೋಹಾನ್ ಗಾಲ್ಟುಂಗ್. 1959ರಲ್ಲಿ ಓಸ್ಲೋದಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಕಟ್ಟಿದವರು, 2024ರಲ್ಲಿ ತೀರಿಕೊಂಡರು. ಹೊಡೆದಾಟ ನಿಂತರೆ ಅದು ಅರ್ಧ ಶಾಂತಿ ಮಾತ್ರ, ಅನ್ಯಾಯವೂ ಹೋದರೆ ಪೂರ್ತಿ ಎಂಬುದು ಅವರ ವಾದದ ತಿರುಳು. ಯಾರೂ ಕೈ ಎತ್ತದೆಯೂ ವ್ಯವಸ್ಥೆಯೇ ಜನರನ್ನು ಹಿಂಸಿಸಬಹುದು ಎಂದು 1969ರಲ್ಲಿ ಬರೆದರು. ನಮಗೆ ಇದನ್ನು ಓಸ್ಲೋದಿಂದ ತರಬೇಕಾಗಿಲ್ಲ. "ನಮ್ಮೂರಲ್ಲಿ ಜಾತಿ ಗಲಾಟೆ ಇಲ್ಲಪ್ಪ, ಎಲ್ಲಾ ಅಣ್ಣತಮ್ಮಂದಿರ ಥರ ಇದ್ದೀವಿ" ಎಂದು ಊರಿನ ಯಜಮಾನರು ಹೇಳುತ್ತಾರೆ. ದಲಿತ ಕೇರಿಯವರು ಇವತ್ತಿಗೂ ದೇವಸ್ಥಾನದ ಹೊರಗೇ ನಿಲ್ಲುತ್ತಿದ್ದರೆ? ಗಲಾಟೆ ಇಲ್ಲ, ನಿಜ. ಒಳಗೆ ಹೋಗುತ್ತೇವೆ ಎಂದು ಅವರು ಕೇಳಿದ ದಿನ ಗಲಾಟೆ ಶುರುವಾಗುತ್ತದೆ, ಆಗ "ಊರಿನ ಶಾಂತಿ ಕೆಡಿಸಿದವರು" ಅವರೇ ಆಗುತ್ತಾರೆ. ಗಾದೆಗಳನ್ನೂ ಹೀಗೆ ಜರಡಿ ಹಿಡಿಯಿರಿ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂತೀವಿ. ಹೊಡೆತ ತಿಂದವಳೂ ಹಾಗೇ ಅನ್ನುತ್ತಾಳಾ, ಕೇಳಿ ನೋಡಿ.

ಅಂಕಿಅಂಶಕ್ಕೆ ಉಪ್ಸಲಾದವರ ಡೇಟಾ ಪುಕ್ಕಟೆ ಸಿಗುತ್ತದೆ. ಒಂದು ಸಂಘರ್ಷವನ್ನು ಲೆಕ್ಕಕ್ಕೆ ಹಿಡಿಯಲು ವರ್ಷಕ್ಕೆ ಕನಿಷ್ಠ 25 ಸಾವು ಎನ್ನುವುದು ಅವರ ಗಡಿ. ಜಗತ್ತಿನ ನಕ್ಷೆ ನೋಡಲು ಚೆನ್ನಾಗಿದೆ, ಆದರೆ ಕಾವೇರಿಯಂಥ ಜಗಳ ಅಂಥ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಪೇಪರ್ ಓದುವ ಅಭ್ಯಾಸವೊಂದಿದೆ, ಇದು ನನ್ನದೇ ಐಡಿಯಾ, ಕೆಲಸ ಮಾಡುತ್ತದೆ. ಒಂದೇ ಘಟನೆಯ ವರದಿಯನ್ನು ಎರಡು ಕನ್ನಡ ಪತ್ರಿಕೆಯಲ್ಲಿ ಓದಿ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. "ಕಲ್ಲು ತೂರಾಟ ನಡೆಯಿತು." ಯಾರು ತೂರಿದರು? "ಲಾಠಿ ಬೀಸಬೇಕಾಯಿತು." ಬೀಸಲೇಬೇಕು ಅಂತ ಯಾರು ತೀರ್ಮಾನಿಸಿದರು? ಒಂದು ಪತ್ರಿಕೆಯ ಗಲಭೆ ಇನ್ನೊಂದರಲ್ಲಿ ಹೋರಾಟ ಆಗಿರುತ್ತದೆ. ತಿಂಗಳಿಗೆ ನಾಲ್ಕು ಸಲ ಮಾಡಿದರೆ ಸಾಕು.

ಕೋರ್ಟಿಗೆ ಹೋಗಿ, ಹಳ್ಳಿಗೂ ಹೋಗಿ

"ಗೆದ್ದವ ಸೋತ, ಸೋತವ ಸತ್ತ" ಅಂತ ಕೋರ್ಟಿನ ಬಗ್ಗೆ ಹಳಬರು ಹೇಳುವುದು ಸುಮ್ನೆ ಅಲ್ಲ. ವರ್ಷಕ್ಕೆ ಕೆಲವು ಸಲ ರಾಷ್ಟ್ರೀಯ ಲೋಕ ಅದಾಲತ್ ನಡೆಯುತ್ತದೆ. ನಿಮ್ಮ ತಾಲ್ಲೂಕು ಕೋರ್ಟಿನಲ್ಲಿ ದಿನಾಂಕ ಕೇಳಿ, ಕಾಲೇಜಿನಿಂದ ಒಂದು ಪತ್ರ ಹಿಡಿದು ಹೋಗಿ ಕೂತುಕೊಳ್ಳಿ. ಅಪಘಾತ ಪರಿಹಾರ, ಚೆಕ್ ಬೌನ್ಸ್, ಪಾಲು ವಿಭಾಗ, ಒಂದೇ ದಿನ ಎಷ್ಟೋ ಕೇಸ್ ರಾಜಿಯಾಗುತ್ತವೆ. ಅಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್. ನೀವು ನೋಡಬೇಕಾದ್ದು ಮುಖಗಳನ್ನು. "ಒಪ್ಕೊಂಡುಬಿಡಮ್ಮ" ಅಂತ ಯಾರಿಗೆ ಹೇಳುತ್ತಾರೆ, ಯಾರಿಗೆ ಹೇಳುವುದಿಲ್ಲ? ಮಧ್ಯಸ್ಥಿಕೆ ಬೇರೆ. ಬೆಂಗಳೂರಿನಲ್ಲಿ 2007ರಿಂದ ಹೈಕೋರ್ಟಿನ ಮಧ್ಯಸ್ಥಿಕೆ ಕೇಂದ್ರ ಇದೆ, 2023ರಲ್ಲಿ ಅದಕ್ಕೆಂದೇ ಕಾಯ್ದೆಯೂ ಬಂತು. ಆದರೆ ಅಲ್ಲಿನ ಮಾತು ಗೋಪ್ಯ, ನೀವು ಒಳಗೆ ಕೂರುವಂತಿಲ್ಲ. ಮಧ್ಯಸ್ಥಗಾರರನ್ನು ಹೊರಗೆ ಭೇಟಿಯಾಗಿ, ಕೇಸಿನ ವಿಷಯ ಬಿಟ್ಟು, ಅವರು ಕೆಲಸ ಮಾಡುವ ಬಗೆಯನ್ನು ಕೇಳಬಹುದು.

ಜಗಳದ ನಡುವೆ ನಿಂತು ಮಾತಾಡಿಸುವ ಮೂರನೆಯವರು ಯಾರಾಗಬಹುದು ಎಂಬುದಕ್ಕೆ ನಮ್ಮಲ್ಲೇ ತಾಜಾ ಉದಾಹರಣೆ ಇದೆ. 2024ರ ನವೆಂಬರಿನಲ್ಲಿ ಹೆಬ್ರಿ ಕಡೆಯ ಕಾಡಿನಲ್ಲಿ ನಕ್ಸಲ್ ನಾಯಕನೊಬ್ಬನ ಎನ್‌ಕೌಂಟರ್ ಆಯಿತು. ಎರಡು ತಿಂಗಳೂ ಕಳೆದಿರಲಿಲ್ಲ, 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ನಡುವೆ ಓಡಾಡಿದ್ದು 'ಶಾಂತಿಗಾಗಿ ನಾಗರಿಕ ವೇದಿಕೆ'. ಸರ್ಕಾರವೂ ಅಲ್ಲ, ಕಾಡಿನವರೂ ಅಲ್ಲ. ಎರಡೂ ಕಡೆಯವರು ಅವರ ಮಾತು ಯಾಕೆ ಕೇಳಿದರು ಎನ್ನುವುದೊಂದೇ ಒಂದು ಒಳ್ಳೆಯ ಅಸೈನ್‌ಮೆಂಟ್.

ಹಳ್ಳಿಗೆ ಹೋಗುವಾಗ ನಾನು ಮಾಡಿದ ತಪ್ಪು ಕೇಳಿ. ಎರಡನೇ ವರ್ಷ ಒಂದು ಗಾಡಿದಾರಿ ಜಗಳ ನೋಡಲು ಹೋಗಿದ್ದೆ. ಬಸ್ ಇಳಿಯುತ್ತಿದ್ದಂತೆ ಒಂದು ಕಡೆಯವರು ಸಿಕ್ಕಿ ಮನೆಗೆ ಕರೆದರು, ಕಾಫಿ ಕೊಟ್ಟರು, ಬಿಸಿಲಿಗೆ ಚೆನ್ನಾಗಿತ್ತು, ಇನ್ನೊಂದು ಲೋಟ ಕುಡಿದೆ. ಅರ್ಧ ಗಂಟೆ ಕಳೆದು ಆಚೆ ಮನೆಗೆ ಹೋದರೆ "ಅಲ್ಲೇ ಎಲ್ಲಾ ಹೇಳಿರ್ತಾರಲ್ಲ, ನಮ್ಮನ್ನೇನ್ ಕೇಳ್ತೀಯ" ಎಂದು ಬಾಗಿಲಲ್ಲೇ ನಿಲ್ಲಿಸಿದರು. ಮೂರು ಸಲ ಹೋದರೂ ಬಾಯಿ ಬಿಡಲಿಲ್ಲ. ಆಮೇಲಿಂದ ನಾನು ಹೋದ ಕಡೆ ಮೊದಲು ಕೂರುವುದು ಶಾಲೆಯ ಜಗುಲಿ ಅಥವಾ ಟೀ ಅಂಗಡಿ. ಕಾಫಿ ಕುಡಿದರೆ ಎರಡೂ ಮನೆಯಲ್ಲಿ, ಇಲ್ಲವಾದರೆ ಎರಡೂ ಕಡೆ ನೀರು.

ಮಾತು ರೆಕಾರ್ಡ್ ಮಾಡುವ ಮುಂಚೆ ಕೇಳಿ, ಹೆಸರು ಬದಲಿಸಿ ಬರೆಯಿರಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸಬೇಡಿ. "ನೀನೇ ಒಂದು ತೀರ್ಮಾನ ಹೇಳಪ್ಪ, ಓದಿದೋನು" ಎಂದು ಖಂಡಿತ ಕೇಳುತ್ತಾರೆ. ಹೇಳಬೇಡಿ. ಇಪ್ಪತ್ತು ವರ್ಷದವರು ಎರಡು ದಿನ ನೋಡಿ ಹೇಳಿದ ತೀರ್ಮಾನವನ್ನು ಅವರು ಇಪ್ಪತ್ತು ವರ್ಷ ಬಾಳಬೇಕಾಗುತ್ತದೆ.

ಕೆಲಸದ ಮಾತು

ಶಾಂತಿ ಅಧಿಕಾರಿ ಅಂತ ಹುದ್ದೆ ಕರೆಯುವುದಿಲ್ಲ. ಡಿಗ್ರಿ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಿ ವಕೀಲಿಕೆಯಿಂದ ಮಧ್ಯಸ್ಥಿಕೆಗೆ ಬರುವವರಿದ್ದಾರೆ, ಅದಕ್ಕೆ 40 ಗಂಟೆಯ ತರಬೇತಿ ಜೊತೆಗೆ ವರ್ಷಗಟ್ಟಲೆ ಅನುಭವ ಬೇಕು. ಪತ್ರಿಕೋದ್ಯಮ, ಸ್ವಯಂಸೇವಾ ಸಂಸ್ಥೆ, ಕಂಪನಿಗಳಲ್ಲಿ ಕಾರ್ಮಿಕರ ವಿಭಾಗ, ಕೆಎಎಸ್, ಪಾಠ ಮಾಡುವುದು, ಹೀಗೆ ಹಂಚಿಹೋಗುತ್ತೇವೆ. ಕೆಲವು ವರ್ಷ ಕೆಲಸ ಮಾಡಿದವರಿಗೆ ರೋಟರಿಯ ಪೀಸ್ ಫೆಲೋಶಿಪ್ ಇದೆ, ಹೊರದೇಶದಲ್ಲಿ ಎಂ.ಎ. ಓದುವ ಖರ್ಚು ಅವರೇ ನೋಡಿಕೊಳ್ಳುತ್ತಾರೆ. ಯಾವುದಕ್ಕೇ ಅರ್ಜಿ ಹಾಕಿದರೂ ಮೂರು ವರ್ಷ ಒಂದೇ ಜಗಳದ ಹಿಂದೆ ಬಿದ್ದು ತುಂಬಿಸಿದ ನೋಟ್‌ಬುಕ್ ನಿಮ್ಮ ಬಳಿ ಇದ್ದರೆ ಸಂದರ್ಶನದಲ್ಲಿ ಮಾತಿಗೆ ಬರ ಇರುವುದಿಲ್ಲ.

ಮಾವ ಈಗ ಊರಲ್ಲಿ ಯಾರದಾದರೂ ಬದು ಜಗಳ ಬಂದರೆ ನನಗೆ ಫೋನ್ ಮಾಡಿ ಪೂರ್ತಿ ವರದಿ ಒಪ್ಪಿಸುತ್ತಾರೆ. ಒಂದೇ ಕಡೆಯದು.